30 ಎಕ್ಸ್ ಅಂದರೆ ಮೂವತ್ತು ಪಟ್ಟು ಹತ್ತಿರ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಜೇಬಿನಲ್ಲಿ ಹಿಡಿಸುವ ಜೂಮ್ ಕ್ಯಾಮೆರಾಗಳ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿಯೇ ಇತ್ತು. ಆದರೆ 30 ಎಕ್ಸ್ ಜೂಮ್ ಇರುವ ಕ್ಯಾಮೆರಾ ದೂರದ್ದನ್ನು ಮೂವತ್ತು ಪಟ್ಟು ಹತ್ತಿರ ತರುತ್ತದೆ ಎಂಬ ಅರ್ಥದ ಒಂದು ಸಾಲು ಅದರಲ್ಲಿತ್ತು. ಆ ಒಂದು ಸಾಲು ನನ್ನ ಅಂಗಡಿಗೆ ನಾಲ್ಕು ಜನರನ್ನು ಕರೆತಂದಿತು. ಗಿರಾಕಿ ಬಂದರೆ ವ್ಯಾಪಾರಿ ಖುಷಿ ಪಡಬೇಕು, ನಿಜ. ಆದರೆ ನಾಲ್ಕೂ ಜನಕ್ಕೆ ‘ಅದು ಹಾಗಲ್ಲ ಸ್ವಾಮಿ’ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಐದನೆಯವರು ಬರುವ ಮೊದಲೇ ನಿಮಗೆ ಬರೆದುಬಿಡೋಣ ಅನ್ನಿಸಿತು.

ಮೈಸೂರಿನ ದೇವರಾಜ ಅರಸು ರಸ್ತೆಗೆ ತಾಗಿದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಕ್ಯಾಮೆರಾ ಅಂಗಡಿ. ಅಪ್ಪನ ಕಾಲದಲ್ಲಿ ಅದು ಸ್ಟುಡಿಯೊ. ಮದುವೆ ಫೋಟೊ, ಪಾಸ್‌ಪೋರ್ಟ್ ಸೈಜು, ಹಿಂದೆ ಪರದೆಯ ಮೇಲೆ ಬಿಡಿಸಿದ ಬೃಂದಾವನದ ಕಾರಂಜಿ. ನಾನು ಗಲ್ಲಾ ಮೇಲೆ ಕೂತಾಗ ಇನ್ನೂ ರೀಲಿನ ಕಾಲ. ಆಗ ಬರುತ್ತಿದ್ದ ಸಣ್ಣ ಜೂಮ್ ಕ್ಯಾಮೆರಾಗಳನ್ನು ಗಿರಾಕಿಗಳು ‘ಮೂವತ್ತೈದು-ಎಪ್ಪತ್ತು ಇದ್ಯಾ?’ ಎಂದು ಕೇಳುತ್ತಿದ್ದರು. ಲೆನ್ಸಿನ ಮಿಲಿಮೀಟರ್ ಅಳತೆ ಅದು, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಜೂಮ್ ಇರುವ ಮೊದಲ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಪೆಂಟಾಕ್ಸ್‌ನವರು 1986ರಲ್ಲಿ ತಂದರು. ಅದೂ 35ರಿಂದ 70 ಮಿಲಿಮೀಟರ್. ಈಗಿನ ಲೆಕ್ಕದಲ್ಲಿ ಬರೀ 2 ಎಕ್ಸ್. ಹಾಗೆ ಹೇಳಿ ಮಾರಲು ಹೊರಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ.

ಅಂಗಡಿಗೆ ಬಂದ ನಾಲ್ವರಲ್ಲಿ ಕೊನೆಯವರು ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು. ವಯಸ್ಸು ಎಪ್ಪತ್ತಾರು. ನಿವೃತ್ತಿ ಆದ ಮೇಲೆ ಹಕ್ಕಿಯ ಹುಚ್ಚು ಹತ್ತಿಸಿಕೊಂಡವರು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ನಡೆಯುತ್ತಾರೆ. ಅವರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಈ ಸಲ ರಜಕ್ಕೆ ಬಂದಾಗ ಅಪ್ಪನಿಗೆಂದು ಒಂದು ಹೊಸ ಕ್ಯಾಮೆರಾ ತಂದುಕೊಟ್ಟಳು. ಪ್ಯಾನಾಸೋನಿಕ್ ಕಂಪನಿಯ ಲೂಮಿಕ್ಸ್ ಟಿಜೆಡ್99. ಅಮೆರಿಕದಲ್ಲಿ ಇದಕ್ಕೇ ಝಡ್‌ಎಸ್99 ಎಂದು ಹೆಸರು. ಎರಡೂ ಬೇರೆ ಬೇರೆ ಎಂದುಕೊಂಡು ಬೆಲೆ ಹೋಲಿಸುತ್ತಾ ಕೂತವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಮೇಷ್ಟ್ರು ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ನಿಮ್ಮ ಪತ್ರಿಕೆಯ ತುಂಡು ಹಿಡಿದು ಬಂದರು. ‘ನೋಡಯ್ಯಾ, ನನ್ನ ದುರ್ಬೀನು ಎಂಟು. ಇದು ಮೂವತ್ತು. ಹೆಚ್ಚುಕಮ್ಮಿ ನಾಲ್ಕು ಪಟ್ಟು ಜಾಸ್ತಿ ಕಾಣಬೇಕಲ್ಲ? ಕಾಣ್ತಾನೇ ಇಲ್ಲ. ಪೀಸು ಕೆಟ್ಟಿದೆಯಾ ನೋಡು’ ಅಂದರು. ಅವರು ಮದುವೆಗೆಂದು ಹಾಸನಕ್ಕೆ ಹೊರಟಿದ್ದರು. ಕ್ಯಾಮೆರಾವನ್ನು ನಾಲ್ಕು ದಿನ ನನ್ನ ಹತ್ತಿರ ಬಿಟ್ಟು ಹೋದರು. ಹಾಗಾಗಿ ಈ ಪತ್ರದಲ್ಲಿರುವುದು ನಾಲ್ಕು ದಿನ ಕೈಯಲ್ಲಿಟ್ಟುಕೊಂಡ ಒಬ್ಬ ಮಾರಾಟಗಾರನ ಮೊದಲ ಅನಿಸಿಕೆ. ಅಷ್ಟೇ.

ಪೀಸು ಕೆಟ್ಟಿರಲಿಲ್ಲ. ಕೆಟ್ಟಿದ್ದು ಲೆಕ್ಕ. ಹೈಸ್ಕೂಲಿನಲ್ಲಿ ನನಗೆ ಭಾಗಾಕಾರ ಕಲಿಸಿದವರಿಗೇ ನಾನು ಭಾಗಾಕಾರ ಹೇಳಿಕೊಡಬೇಕಾಗಿ ಬಂತು.

ಈ ಕ್ಯಾಮೆರಾದ ಲೆನ್ಸ್ 24ರಿಂದ 720 ಮಿಲಿಮೀಟರ್ ಎಂದು ಬರೆದಿರುತ್ತದೆ. ಹಳೆಯ 35 ಎಂಎಂ ರೀಲಿನ ಕ್ಯಾಮೆರಾಕ್ಕೆ ಹೋಲಿಸಿ ಕೊಟ್ಟ ಅಳತೆ ಅದು. 720ನ್ನು 24ರಿಂದ ಭಾಗಿಸಿದರೆ 30. ಎಕ್ಸ್ ಎಂದರೆ ಇಷ್ಟೇ. ಅತಿ ಅಗಲದ ನೋಟಕ್ಕೂ ಅತಿ ಹತ್ತಿರದ ನೋಟಕ್ಕೂ ಇರುವ ಅನುಪಾತ. ನಮ್ಮ ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. 24ರಲ್ಲಿ ನೋಡಿದರೆ ಎಲ್ಲವೂ ಕಣ್ಣಿಗೆ ಕಂಡದ್ದಕ್ಕಿಂತ ದೂರ ಕಾಣುತ್ತದೆ. ಕಣ್ಣಿನ ನೋಟಕ್ಕೆ ಹತ್ತಿರ ಎಂದು ಫೋಟೊದವರು ಮೊದಲಿನಿಂದ ಹಿಡಿಯುವುದು 50 ಮಿಲಿಮೀಟರನ್ನು. 720ನ್ನು 50ರಿಂದ ಭಾಗಿಸಿ. ಹದಿನಾಲ್ಕೂವರೆಯ ಒಳಗೆ ಬರುತ್ತದೆ. ದುರ್ಬೀನಿನ ಮೇಲೆ ಬರೆದ 8 ಮಾತ್ರ ಬರಿಗಣ್ಣಿಗೆ ಹೋಲಿಸಿದ್ದು. ಅಂದರೆ ಮೇಷ್ಟ್ರ ಕ್ಯಾಮೆರಾ ಅವರ ದುರ್ಬೀನಿಗಿಂತ ನಾಲ್ಕು ಪಟ್ಟು ಅಲ್ಲ, ಎರಡು ಪಟ್ಟಿಗೂ ಸ್ವಲ್ಪ ಕಡಿಮೆ.

‘ಹಾಗಾದ್ರೆ ಎಕ್ಸ್ ಅನ್ನೋದು ಮೋಸ ಅಲ್ವಾ?’ ಅಂದರು. ಮೋಸ ಅಲ್ಲ ಸಾರ್, ಅರ್ಧ ಸತ್ಯ ಅಂದೆ. ನನ್ನ ಶೋಕೇಸಿನಲ್ಲಿ ಹಕ್ಕಿ ಫೋಟೊದವರು ಹೊತ್ತು ತಿರುಗುವ 150–600ರ ಒಂದು ದೊಡ್ಡ ಲೆನ್ಸ್ ಇದೆ. ಎರಡು ಕಿಲೊ ಭಾರ, ಮೊಣಕೈಯುದ್ದ. ಭಾಗಿಸಿ ನೋಡಿ, ಬರೀ 4 ಎಕ್ಸ್. ಡಬ್ಬದ ಮೇಲಿನ ಎಕ್ಸ್ ನೋಡಿ ಕೊಳ್ಳುವುದಾದರೆ ಅದನ್ನು ಯಾರೂ ಕೊಳ್ಳಬಾರದು. ಹಾಗೇ 40 ಎಕ್ಸ್ ಎಂದು ಬರೆದ ಕ್ಯಾನನ್‌ನ ಎಸ್‌ಎಕ್ಸ್740 ಎಂಬ ಸಣ್ಣ ಕ್ಯಾಮೆರಾ ಇದೆ. ಅದು 24ರಿಂದ 960. ಎಕ್ಸ್‌ನಲ್ಲಿ ಹತ್ತು ಜಾಸ್ತಿ ಕಂಡರೂ ದೂರದ ಹಕ್ಕಿ ಇದಕ್ಕಿಂತ ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚು ದೊಡ್ಡದಾಗಿ ಕಾಣುವುದು. ಇನ್ನು ಫೋನುಗಳ ಮೇಲಿನ 100 ಎಕ್ಸ್ ಬಗ್ಗೆ ಕೇಳಲೇಬೇಡಿ. ಅದರಲ್ಲಿ ಗಾಜು ಮಾಡುವ ಕೆಲಸ ಸ್ವಲ್ಪ, ಉಳಿದದ್ದು ಚಿತ್ರದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುವುದು. ಮಸಾಲೆ ದೋಸೆಯ ನಡುವಿನ ಪಲ್ಯ ಮಾತ್ರ ತೆಗೆದು ದೊಡ್ಡ ತಟ್ಟೆಯಲ್ಲಿ ಹರಡಿದ ಹಾಗೆ. ತಟ್ಟೆ ತುಂಬುತ್ತದೆ, ಪಲ್ಯ ಜಾಸ್ತಿಯಾಗುವುದಿಲ್ಲ.

ಈಗ ಕ್ಯಾಮೆರಾಕ್ಕೆ ಬರುತ್ತೇನೆ.

ಕೈಗೆ ತೆಗೆದುಕೊಂಡರೆ ಗಟ್ಟಿಯಾಗಿದೆ. ಪಕ್ಕದ ಬೆಳ್ಳಿ ಅಂಗಡಿಯವರ ತಕ್ಕಡಿಯಲ್ಲಿಟ್ಟು ನೋಡಿದೆ, ಬ್ಯಾಟರಿ ಮತ್ತು ಕಾರ್ಡು ಸೇರಿ 322 ಗ್ರಾಂ. ಶರ್ಟಿನ ಜೇಬಿಗೆ ಭಾರ, ಪ್ಯಾಂಟಿನ ಜೇಬಿಗೆ ಉಬ್ಬು, ಹೆಂಗಸರ ಕೈಚೀಲಕ್ಕೆ ಸರಿ. ಗುಂಡಿ ಒತ್ತಿದರೆ ಲೆನ್ಸ್ ಮಡಿಕೆ ಮಡಿಕೆಯಾಗಿ ಹೊರಗೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರವಾಗಿಲ್ಲ. ಹಿಂದಿನ ಪರದೆ ಮೂರು ಇಂಚು, ಒಳ್ಳೆಯ ಹೊಳಪು, ಮುಟ್ಟಿದರೆ ಕೆಲಸ ಮಾಡುತ್ತದೆ, ಮೇಲಕ್ಕೆ ಪೂರ್ತಿ ಮಡಚಿದರೆ ಮುಖದ ಕಡೆ ತಿರುಗುತ್ತದೆ. 20 ಮೆಗಾಪಿಕ್ಸೆಲ್, 4ಕೆ ವಿಡಿಯೊ, ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಚಿತ್ರ), ಎಲ್ಲವೂ ಇದೆ. ಒಂದು ಚಾರ್ಜಿಗೆ 380 ಫೋಟೊ ಎಂದು ಕಂಪನಿಯ ಲೆಕ್ಕ. ಚಾರ್ಜ್ ಮಾಡಲು ಫೋನಿನದೇ ಸಿ ಪಿನ್ ಸಾಕು.

ಆ ಸಿ ಪಿನ್ನಿನಲ್ಲೇ ಕತೆ ಇರುವುದು. ಯುರೋಪಿನ ಒಕ್ಕೂಟ ಒಂದು ಕಾನೂನು ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನು, ಕ್ಯಾಮೆರಾ ಮುಂತಾದವಕ್ಕೆಲ್ಲ ಸಿ ಪಿನ್ನೇ ಇರಬೇಕು. ಹಳೆಯ ಪಿನ್ನಿನ ಎಷ್ಟೋ ಕ್ಯಾಮೆರಾಗಳಿಗೆ ಅಲ್ಲಿ ಬಾಗಿಲು ಮುಚ್ಚಿತು. ಈ ಟಿಜೆಡ್99 ಬಂದದ್ದು 2025ರ ಆರಂಭದಲ್ಲಿ. ನಾನು ಈ ಸಾಲಿನ ಹಳೆಯ ಕ್ಯಾಮೆರಾಗಳನ್ನು ಮಾರಿದವನು. 24–720 ಎಂಬ ಅಳತೆ 2014ರ ಟಿಜೆಡ್60ರಿಂದಲೂ ಇದೆ. ಡಬ್ಬ ಬಿಚ್ಚಿ ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಮನೆ ಅದೇ, ಬಾಗಿಲಿನ ಚಿಲಕ ಹೊಸದು ಅಂತ.

ಅದನ್ನು ತಪ್ಪು ಎನ್ನಲಾರೆ. ಸಣ್ಣ ಕ್ಯಾಮೆರಾದ ವ್ಯಾಪಾರ ಹೇಗೆ ಬಿದ್ದುಹೋಯಿತು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಗಳೇ ಹೆಚ್ಚುಕಮ್ಮಿ 11 ಕೋಟಿ ಕಾರ್ಖಾನೆಯಿಂದ ಹೊರಟಿದ್ದವು. 2023ಕ್ಕೆ ಅದು 17 ಲಕ್ಷ. ಕೋಟಿ ಹೋಗಿ ಲಕ್ಷ. 2024ರಲ್ಲಿ ಸ್ವಲ್ಪ ಏರಿ 19 ಲಕ್ಷದ ಹತ್ತಿರ ಬಂತು. ಆ ಏರಿಕೆ ನನ್ನ ಅಂಗಡಿಯಲ್ಲೂ ಕಾಣುತ್ತದೆ. ಕಾಲೇಜು ಹುಡುಗಿಯರು ಬಂದು ‘ಅಂಕಲ್, ಹಳೇ ಡಿಜಿಕ್ಯಾಮ್ ಇದ್ಯಾ?’ ಅನ್ನುತ್ತಾರೆ. ಅಟ್ಟದ ಮೇಲೆ ಎಸೆದಿದ್ದ ರಟ್ಟಿನ ಪೆಟ್ಟಿಗೆಯನ್ನು ಹೋದ ವರ್ಷ ಇಳಿಸಿದೆ. ಜಾಹೀರಾತಿಲ್ಲದೆ ಖಾಲಿಯಾಯಿತು. ಕ್ಯಾನನ್‌ನವರು 2016ರ ಒಂದು ಐಕ್ಸಸ್ ಮಾದರಿಯನ್ನೇ ಕಾರ್ಡಿನ ತೂತು ಬದಲಾಯಿಸಿ 2025ರಲ್ಲಿ ಮತ್ತೆ ಹೊರಗೆ ತಂದರು. ಬೇಡಿಕೆ ಇದ್ದರೆ ಹಳೆಯದಕ್ಕೂ ಹೊಸ ಡಬ್ಬ ಸಿಗುತ್ತದೆ.

ಆದರೆ ಈ ಟಿಜೆಡ್99ರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದಿದ್ದಾರೆ. 2019ರ ಟಿಜೆಡ್95ರಲ್ಲಿ ಎಡ ಮೂಲೆಯಲ್ಲಿ ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ ಇತ್ತು. ನಾವು ವ್ಯೂಫೈಂಡರ್ ಅನ್ನುತ್ತೇವಲ್ಲ, ಅದು. ಇದರಲ್ಲಿ ಅದು ಇಲ್ಲ. ಮೂಲೆ ಸಪಾಟು.

ಅದರಿಂದೇನು, ಪರದೆ ಇದೆಯಲ್ಲ ಅನ್ನಬಹುದು. ಇಪ್ಪತ್ತೈದು ವರ್ಷದ ಹುಡುಗ ಹಾಗೇ ಅನ್ನುತ್ತಾನೆ. ನನ್ನ ಅಂಗಡಿಯ ಹುಡುಗನೂ ಹಾಗೇ ಅಂದ. ಅವನನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋದೆ.

ಏರಿಯ ಕೆಳಗೆ ನೀರಿಗೆ ಬಾಗಿದ ಒಂದು ಒಣ ಕೊಂಬೆ. ಅದರ ಮೇಲೆ ಮಿಂಚುಳ್ಳಿ. ನಮಗೂ ಅದಕ್ಕೂ ಹದಿನೈದು ಮೀಟರ್ ಇರಬಹುದು. 720ರಲ್ಲಿ ಹದಿನೈದು ಮೀಟರ್ ದೂರಕ್ಕೆ ಚೌಕಟ್ಟಿನ ಅಗಲ ಎಷ್ಟು ಗೊತ್ತಾ? ಮುಕ್ಕಾಲು ಮೀಟರ್. ಅಷ್ಟು ದೊಡ್ಡ ಕೆರೆಯಲ್ಲಿ ಎರಡೂವರೆ ಅಡಿಯ ಒಂದು ಕಿಟಕಿ. ಆ ಕಿಟಕಿಯೊಳಗೆ ಹಕ್ಕಿಯನ್ನು ತಂದು ನಿಲ್ಲಿಸಬೇಕು. ಕ್ಯಾಮೆರಾ ಕಣ್ಣಿಗೆ ಒತ್ತಿದ್ದರೆ ತಲೆ ಎಲ್ಲಿ ತಿರುಗುತ್ತದೋ ಲೆನ್ಸೂ ಅಲ್ಲಿಗೇ ತಿರುಗುತ್ತದೆ. ಹಣೆ, ಮೂಗು, ಎರಡು ಕೈ, ಎಲ್ಲ ಸೇರಿ ಅದನ್ನು ಹಿಡಿದಿರುತ್ತವೆ. ಕೈ ಚಾಚಿ ಪರದೆ ನೋಡುತ್ತಾ ಹುಡುಕಿದರೆ ಕೈ ನಡುಗಿದಷ್ಟೂ ಕಿಟಕಿ ಕುಣಿಯುತ್ತದೆ. ಹುಡುಗ ಮೊದಲು ಕೊಂಬೆಯ ಎಡದ ನೀರು ಹಿಡಿದ. ಆಮೇಲೆ ಬಲದ ನೀರು. ಆಮೇಲೆ ಬರೀ ಕೊಂಬೆ, ಹಕ್ಕಿ ಹಾರಿಹೋಗಿತ್ತು. ‘ಲೆನ್ಸ್ ಚೆನ್ನಾಗಿದೆ ಅಣ್ಣ, ಕೊಂಬೆಯ ತೊಗಟೆ ಎಷ್ಟು ಚೆನ್ನಾಗಿ ಬಂದಿದೆ ನೋಡಿ’ ಅಂದ. ಅವನಿಗೆ ಸಂಬಳ ಹೆಚ್ಚಿಸಬೇಕು, ಮಾರುವ ಗುಣ ಇದೆ.

ಎಂಟೂವರೆಗೆ ಬಿಸಿಲೇರಿತು. ಸೂರ್ಯ ಬೆನ್ನ ಹಿಂದೆ. ಪರದೆಯಲ್ಲಿ ಹಕ್ಕಿಯ ಬದಲು ನನ್ನ ಬಿಳಿ ಅಂಗಿ ಕಾಣತೊಡಗಿತು. ಅಂಗೈ ಅಡ್ಡ ಹಿಡಿಯೋಣ ಎಂದರೆ ಆ ಕೈ ಕ್ಯಾಮೆರಾಕ್ಕೆ ಬೇಕು.

ಇದೆಲ್ಲ ಕಣ್ಣು ಚೆನ್ನಾಗಿರುವವರ ಪಾಡು. ನಲವತ್ತು ದಾಟಿದವರದು ಬೇರೆ. ನನಗೂ ಚಾಳೀಸು ಬಂದಿದೆ. ಚಾಳೀಸು ಹಾಕಿಕೊಂಡರೆ ಪರದೆ ಕಾಣುತ್ತದೆ, ದೂರದ ಹಕ್ಕಿ ಮಂಜು. ತೆಗೆದರೆ ಹಕ್ಕಿ ಕಾಣುತ್ತದೆ, ಪರದೆ ಮಂಜು. ಹಾಕು, ತೆಗೆ, ಹಾಕು, ತೆಗೆ. ಅಷ್ಟರಲ್ಲಿ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಕೆರೆಯ ಆಚೆ ದಡಕ್ಕೆ ಹೋಗಿ ಕೂತಿರುತ್ತದೆ. ವ್ಯೂಫೈಂಡರಿನ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ, ಡಯಾಪ್ಟರ್ ಚಕ್ರ ಎಂದು. ಅದನ್ನು ತಿರುಗಿಸಿ ನಮ್ಮ ಕಣ್ಣಿಗೆ ಸರಿ ಮಾಡಿಟ್ಟರೆ ಚಾಳೀಸು ಬೇಕಾಗಿಲ್ಲ. ದೂರ ನೋಡು, ಕಣ್ಣಿಡು, ಒತ್ತು. ಆ ಚಕ್ರದ ಬಗ್ಗೆ ಯಾವ ಜಾಹೀರಾತಿನಲ್ಲೂ ನಾನು ಓದಿಲ್ಲ. ಆದರೆ ನನ್ನ ಅಂಗಡಿಯಲ್ಲಿ ಜೂಮ್ ಕ್ಯಾಮೆರಾ ಕೇಳಿಕೊಂಡು ಬರುವವರು ಯಾರು? ನಿವೃತ್ತ ಬ್ಯಾಂಕಿನವರು, ಮೇಷ್ಟ್ರು, ಡಾಕ್ಟ್ರು. ಭಾರದ ಲೆನ್ಸ್ ಹೊರಲಾರದವರು. ಹುಡುಗರು ಫೋನಿನಲ್ಲೇ ತೆಗೆಯುತ್ತಾರೆ. ಕಿಂಡಿ ಯಾರಿಗೆ ಬೇಕಾಗಿತ್ತೋ ಅವರೇ ಈ ಕ್ಯಾಮೆರಾ ಕೊಳ್ಳುವವರು. ಇದು ನನ್ನ ದೊಡ್ಡ ತಕರಾರು.

ಇನ್ನೊಂದು ಬೆಳಕಿನದು. ಈ ಕ್ಯಾಮೆರಾದ ಸೆನ್ಸರ್, ಅಂದರೆ ರೀಲಿನ ಬದಲು ಬೆಳಕು ಹಿಡಿಯುವ ತುಂಡು, ಸುಮಾರು ಆರು ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಒಂದು ಗುಲಗಂಜಿಯಷ್ಟು. ಹಳೆಯ ರೀಲಿನ ಒಂದು ಚೌಕದಲ್ಲಿ ಇಂಥ ಮೂವತ್ತನ್ನು ಹರಡಬಹುದು. ಸೆನ್ಸರ್ ಗುಲಗಂಜಿಯಷ್ಟು ಇರುವುದರಿಂದಲೇ 720ರ ಲೆನ್ಸ್ ಜೇಬಿಗೆ ಹಿಡಿಸುತ್ತದೆ. ಅದರ ನಿಜವಾದ ಫೋಕಲ್ ಲೆಂತ್, ಅಂದರೆ ಹೋಲಿಕೆ ಬಿಟ್ಟು ಲೆನ್ಸಿನದೇ ಅಳತೆ, 129 ಮಿಲಿಮೀಟರ್ ಮಾತ್ರ. ಪೂರ್ತಿ ಜೂಮಿನಲ್ಲಿ ಎಫ್, ಅಂದರೆ ಬೆಳಕು ಒಳಬರುವ ಬಾಯಿಯ ಲೆಕ್ಕ, 6.4. 129ನ್ನು 6.4ರಿಂದ ಭಾಗಿಸಿದರೆ ಬೆಳಕು ಒಳಬರುವ ಬಾಯಿ 20 ಮಿಲಿಮೀಟರ್. ಈಗಿನ ಹೊಸ ಒಂದು ರೂಪಾಯಿ ನಾಣ್ಯ ಇದೆಯಲ್ಲ, ಅಷ್ಟಗಲ. ಆ ಒಂದು ರೂಪಾಯಿಯ ಬೆಳಕಿನಲ್ಲೇ ಹಕ್ಕಿಯ ಗರಿ ಮೂಡಬೇಕು. ಒಳ್ಳೆಯ ಬಿಸಿಲಿದ್ದರೆ ಮೂಡುತ್ತದೆ. ಏರಿಯಿಂದ ಅರವತ್ತು ಮೀಟರ್ ದೂರದಲ್ಲಿ ತೇಲುತ್ತಿದ್ದ ಒಂದು ಹೆಜ್ಜಾರ್ಲೆ ಎಷ್ಟು ಚೆನ್ನಾಗಿ ಬಂತೆಂದರೆ ಕೊಕ್ಕಿನ ಮೇಲಿನ ಚುಕ್ಕಿ ಎಣಿಸಬಹುದಿತ್ತು. ಆದರೆ ಅದಕ್ಕೂ ಮೊದಲು, ಏಳು ಗಂಟೆಯ ಮಬ್ಬಿನಲ್ಲಿ ತೆಗೆದ ಕೊಕ್ಕರೆಯ ಗರಿಗಳು ಜಲವರ್ಣದಲ್ಲಿ ಬರೆದ ಹಾಗಿವೆ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ) 800 ದಾಟಿತೋ, ಕ್ಯಾಮೆರಾ ಚಿತ್ರದಲ್ಲಿ ಮೂಡುವ ಕಾಳುಗಳನ್ನು ಒರೆಸಲು ಹೋಗಿ ಗರಿಯನ್ನೂ ಒರೆಸಿಬಿಡುತ್ತದೆ.

ಅಂಗಡಿಯ ಮಾಳಿಗೆಯಿಂದ ಚಾಮುಂಡಿ ಬೆಟ್ಟದ ಗೋಪುರವನ್ನೂ ಹಿಡಿದೆ. ನೇರ ದೂರ ನಾಲ್ಕೂವರೆ ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಎಂಟಕ್ಕೆ ತೆಗೆದದ್ದರಲ್ಲಿ ಏಳು ಅಂತಸ್ತೂ ಬಿಡಿಬಿಡಿಯಾಗಿ ಕಂಡವು. ಮಧ್ಯಾಹ್ನ ಒಂದಕ್ಕೆ ತೆಗೆದದ್ದರಲ್ಲಿ ಗೋಪುರ ನೀರಿನೊಳಗೆ ಮುಳುಗಿದಂತಿದೆ. ಅದು ಕ್ಯಾಮೆರಾದ ತಪ್ಪಲ್ಲ. ನಡುವೆ ಕಾದ ರಸ್ತೆ, ತಾರಸಿ, ತಗಡು, ಎಲ್ಲದರ ಮೇಲೆ ಗಾಳಿ ನಡುಗುತ್ತಿರುತ್ತದೆ. ಎರಡು ಲಕ್ಷದ ಲೆನ್ಸ್ ಹಾಕಿದರೂ ಹಾಗೇ. ದೂರದ ಫೋಟೊ ಮಧ್ಯಾಹ್ನ ತೆಗೆದು ‘ಲೆನ್ಸ್ ಶಾರ್ಪ್ ಇಲ್ಲ’ ಎಂದು ಹಿಂದಿರುಗಿಸಲು ಬರುವವರು ನನಗೆ ತಿಂಗಳಿಗೊಬ್ಬರಾದರೂ ಸಿಗುತ್ತಾರೆ.

ಭಾನುವಾರ ಸಂಜೆ ಅರಮನೆಯ ದೀಪ ಹತ್ತಿದಾಗ ಅಳಿಯನ ಫೋನು ಮತ್ತು ಈ ಕ್ಯಾಮೆರಾ, ಎರಡನ್ನೂ ಅಕ್ಕಪಕ್ಕ ಹಿಡಿದೆವು. ಅಗಲದ ನೋಟದಲ್ಲಿ ಫೋನೇ ಗೆದ್ದಿತು. ಅದರಲ್ಲಿ ಆಶ್ಚರ್ಯ ಇಲ್ಲ. ಈಗಿನ ದುಬಾರಿ ಫೋನುಗಳ ಮುಖ್ಯ ಸೆನ್ಸರ್ ಈ ಕ್ಯಾಮೆರಾದ ಸೆನ್ಸರಿಗಿಂತ ದೊಡ್ಡದು. ಜೊತೆಗೆ ನಾಲ್ಕಾರು ಫೋಟೊ ಸೇರಿಸಿ ಒಂದು ಮಾಡುವ ಬುದ್ಧಿ ಬೇರೆ ಇದೆ. ಆದರೆ ಅರಮನೆಯ ನಡು ಗುಮ್ಮಟದ ತುದಿಯನ್ನು ಮಾತ್ರ ಹಿಡಿಯೋಣ ಎಂದು ಇಬ್ಬರೂ ಜೂಮ್ ಮಾಡಿದೆವು ನೋಡಿ, ಫೋನಿನಲ್ಲಿ ಬಲ್ಬುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೆಣ್ಣೆ ಆದವು. ಕ್ಯಾಮೆರಾವನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದೆ. ಬಲ್ಬು ಬಲ್ಬಾಗಿಯೇ ಬಂತು. ಅಳಿಯ ಮಾತು ಬದಲಾಯಿಸಿ ಚುರುಮುರಿ ತರಲು ಹೋದ.

ಒಂದು ಹಳೆಯ ಭಯವನ್ನೂ ಹೇಳಿಬಿಡುತ್ತೇನೆ. ಒಳಗೆ ಹೊರಗೆ ಓಡಾಡುವ ಲೆನ್ಸ್ ಉಸಿರಾಡುತ್ತದೆ. ಹೊರಗೆ ಬರುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳು. ಚುಂಚನಕಟ್ಟೆಯ ದನಗಳ ಜಾತ್ರೆ ಮುಗಿದ ವಾರ ನನ್ನ ರಿಪೇರಿ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ನಿಂತ ಕ್ಯಾಮೆರಾಗಳು ಸಾಲಾಗಿ ಕೂರುತ್ತಿದ್ದವು. ಯಾವುದೇ ಕಂಪನಿಯದಾಗಲಿ, ಈ ಜಾತಿಯ ಲೆನ್ಸಿಗೆ ದೂಳು, ಮರಳು ಆಗುವುದಿಲ್ಲ. ಗಟ್ಟಿ ಪೌಚು ಕೊಳ್ಳಿ, ಅದಕ್ಕೆ ಜಿಪ್ ಇರಲಿ. ಹಾಗೇ ಹೊರದೇಶದಿಂದ ತರಿಸುವವರು ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ 500 ಡಾಲರಿನ ಆಸುಪಾಸು ಕೊಟ್ಟ ಮಾಲು ಇಲ್ಲಿ ಒಂದು ಸಣ್ಣ ಹಲ್ಲುಗಾಲಿ ಸಿಗದೆ ಮೂಲೆ ಸೇರಬಾರದು.

ಹಾಗಾದರೆ ಇದು ಕೆಟ್ಟ ಕ್ಯಾಮೆರಾವೇ? ಅಲ್ಲ. ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಗೋಡೆಯ ಮೇಲುಸಾಲಿನ ಕೆತ್ತನೆಯನ್ನು ಕೆಳಗೆ ನಿಂತೇ ತೆಗೆಯಬೇಕು ಎನ್ನುವವರಿಗೆ ಇದಕ್ಕಿಂತ ಹಗುರವಾದ ಉತ್ತರ ನನ್ನ ಹತ್ತಿರ ಇಲ್ಲ. ಮೊಮ್ಮಗಳ ನಾಟಕವನ್ನು ಹಿಂದಿನ ಸಾಲಿನಿಂದ ತೆಗೆಯುವ ಅಜ್ಜಿಗೂ ಸರಿ, ವೇದಿಕೆಯಲ್ಲಿ ಬೆಳಕು ಚೆನ್ನಾಗಿದ್ದರೆ. ಇದರಲ್ಲಿ 4ಕೆ ಫೋಟೊ ಎಂಬ ಒಂದು ಸೌಲಭ್ಯ ಇದೆ. ಸೆಕೆಂಡಿಗೆ ಮೂವತ್ತು ಚಿತ್ರ ತೆಗೆದು ಬೇಕಾದ್ದನ್ನು ಆರಿಸಿಕೊಳ್ಳಬಹುದು. ಹೆಜ್ಜಾರ್ಲೆ ನೀರು ಬಡಿದು ಮೇಲೇಳುವುದನ್ನು ಅದರಲ್ಲಿ ಹಿಡಿದೆ. ಒಂದೊಂದು ಚಿತ್ರವೂ 8 ಮೆಗಾಪಿಕ್ಸೆಲ್ ಮಾತ್ರ. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಬೇಡ ಎಂದರೆ ಧಾರಾಳ ಸಾಕು. ರಂಗನತಿಟ್ಟಿನ ದೋಣಿಯಲ್ಲಿ ಇದನ್ನು ಪರೀಕ್ಷಿಸಲು ನನಗೆ ಪುರುಸೊತ್ತಾಗಲಿಲ್ಲ. ಅಲ್ಲಿ ದೋಣಿಯೂ ಅಲುಗುತ್ತದೆ, ಕೈಯೂ ಅಲುಗುತ್ತದೆ, ಮೊಸಳೆ ಒಂದೇ ಅಲುಗದೆ ಬಿದ್ದಿರುವುದು. ಮೊಸಳೆಗೆ ಚೆನ್ನಾಗಿಯೇ ಆಗಬಹುದು.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಕ್ಯಾಮೆರಾ ಬಗ್ಗೆ ಬರೆಯುವಾಗ ಎಕ್ಸ್ ಬರೆಯಿರಿ, ಬೇಡ ಎನ್ನುವುದಿಲ್ಲ. ಅದರ ಪಕ್ಕದಲ್ಲೇ 24ರಿಂದ 720 ಎಂದು ಮಿಲಿಮೀಟರನ್ನೂ ಬರೆಯಿರಿ. ಪೂರ್ತಿ ಜೂಮಿನಲ್ಲಿ ಎಫ್ ಎಷ್ಟು ಎಂದು ಬರೆಯಿರಿ. ಕಣ್ಣಿಡುವ ಕಿಂಡಿ ಇದೆಯೋ ಇಲ್ಲವೋ ಎಂದು ಒಂದು ಪದ ಹಾಕಿ. ಮೂರೂ ಸೇರಿ ಒಂದು ಸಾಲು ಆಗುವುದಿಲ್ಲ. ಮೆಗಾಪಿಕ್ಸೆಲ್‌ಗೆ ಕೊಟ್ಟಿದ್ದ ಜಾಗದಲ್ಲೇ ಹಿಡಿಸುತ್ತದೆ. ಮಾರುವವನೇ ಹೀಗೆ ಹೇಳಿದರೆ ವ್ಯಾಪಾರ ಹೇಗೆ ಎಂದು ನನ್ನ ಹೆಂಡತಿಯೂ ಕೇಳಿದಳು. ಎಕ್ಸ್ ನೋಡಿ ಕೊಂಡವರು ವಾರದೊಳಗೆ ವಾಪಸ್ ತರುತ್ತಾರೆ. ಡಬ್ಬ ಒಡೆದ ಮಾಲನ್ನು ನಾನು ಯಾರಿಗೆ ಮಾರಲಿ?

ಮೇಷ್ಟ್ರು ಮಂಗಳವಾರ ಬಂದರು. ಎಲ್ಲ ಹೇಳಿದೆ. ‘ಮಗಳು ಪ್ರೀತಿಯಿಂದ ತಂದದ್ದಯ್ಯಾ, ವಾಪಸ್ ಅನ್ನೋ ಮಾತು ಬೇಡ. ಇದರಲ್ಲೇ ಏನು ಮಾಡಬಹುದು ಹೇಳು’ ಅಂದರು. ಮೂರು ಕೆಲಸ ಮಾಡಿಕೊಟ್ಟೆ. ಮೆನುವಿನಲ್ಲಿ ಡಿಜಿಟಲ್ ಜೂಮ್ (ಅದೇ, ಕತ್ತರಿಸಿ ಹಿಗ್ಗಿಸುವುದು) ಆಫ್ ಮಾಡಿದೆ, 720ಕ್ಕೆ ನಿಲ್ಲಲಿ ಎಂದು. ಅವರ ಚಾಳೀಸಿಗೆ ದಾರ ಕಟ್ಟಿ ಮೂಗಿನ ತುದಿಯಲ್ಲಿ ಕೂರಿಸುವುದು ತೋರಿಸಿದೆ. ಮೇಲಿನಿಂದ ಹಕ್ಕಿ, ಕೆಳಗಿನಿಂದ ಪರದೆ. ಮೂರನೆಯದು ನಮ್ಮಪ್ಪನ ಕಾಲದ ಉಪಾಯ. ಟ್ರೈಪಾಡ್ ಕೂರಿಸುವ ತೂತಿಗೆ ಕಾಲು ಇಂಚಿನ ಒಂದು ಸ್ಕ್ರೂ ಹಾಕಿ, ಅದಕ್ಕೆ ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಚಪ್ಪಲಿಯ ಕೆಳಗೆ ಮೆಟ್ಟಿ ನಿಲ್ಲಬೇಕು. ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿದರೆ ದಾರ ಬಿಗಿಯುತ್ತದೆ, ಕೈ ನಿಲ್ಲುತ್ತದೆ. ಖರ್ಚು ಸ್ಕ್ರೂವಿನದು ಮಾತ್ರ. ಮೊದಲು ಅಗಲದ ನೋಟದಲ್ಲಿ ಕೊಂಬೆಯನ್ನು ನಡುವಿಗೆ ತನ್ನಿ, ಆಮೇಲೆ ನಿಧಾನವಾಗಿ ಜೂಮ್ ಮಾಡಿ, ಆತುರ ಬೇಡ ಎಂದೂ ಹೇಳಿದೆ. ‘ನಿನಗೆ ಪರೀಕ್ಷೆಯಲ್ಲಿ ಹೇಳ್ತಿದ್ದ ಮಾತನ್ನೇ ನನಗೆ ಹೇಳ್ತೀಯಲ್ಲೋ’ ಅಂದರು.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋಟೊ ಕಳಿಸಿದರು. ಹೆಜ್ಜಾರ್ಲೆ ಚೌಕಟ್ಟಿನ ನಡುವೆಯೇ ಇದೆ. ಕೆರೆ ಮಾತ್ರ ಎಡಕ್ಕೆ ವಾಲಿ ಇನ್ನೇನು ಚೆಲ್ಲಿಹೋಗುವಂತಿದೆ. ಕೆಳಗೆ ಒಂದು ಸಾಲು ಬರೆದಿದ್ದರು: ‘ದಾರ ಇನ್ನೊಂದು ಅರ್ಧ ಅಡಿ ಉದ್ದ ಬೇಕು ಕಣಯ್ಯಾ, ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು.’

ಇಂತಿ,
ನಿಮ್ಮ ಹಳೆಯ ಓದುಗ, ಒಬ್ಬ ಕ್ಯಾಮೆರಾ ಅಂಗಡಿಯವ
ಮೈಸೂರು